ನಿಮ್ಮ ಮನೆ ವಾಲ್ವ್ ಎಲ್ಲಿದೆ, ಹೇಳಿ ನೋಡೋಣ

ಒಂದು ಸಣ್ಣ ಪರೀಕ್ಷೆ. ಫೋನ್ ಪಕ್ಕಕ್ಕಿಡಿ, ಯಾರನ್ನೂ ಕೇಳಬೇಡಿ. ನೀವೀಗ ವಾಸ ಮಾಡ್ತಿರೋ ಮನೆಗೆ ಬರೋ ನೀರನ್ನ ಪೂರ್ತಿ ನಿಲ್ಲಿಸೋ ವಾಲ್ವ್ ಎಲ್ಲಿದೆ? ಟೆರೇಸ್ ಮೇಲಾ, ಡಕ್ಟ್ ಒಳಗಾ, ಬಾತ್‌ರೂಮ್ ಗೋಡೆಯಲ್ಲಾ? ಅದನ್ನ ಯಾವತ್ತಾದರೂ ಕೈಯಲ್ಲಿ ಮುಟ್ಟಿದ್ದೀರಾ? ತಿರುಗುತ್ತಾ ಅದು?

ಗೊತ್ತಿದ್ದರೆ ನಿಮಗೊಂದು ನಮಸ್ಕಾರ, ಮುಂದೆ ಓದದಿದ್ದರೂ ನಡೆಯುತ್ತೆ. ಗೊತ್ತಿಲ್ಲದಿದ್ದರೆ ನಾಚಿಕೆಪಟ್ಟುಕೊಳ್ಳೋ ಅಗತ್ಯ ಇಲ್ಲ ಅಂತ ಸಮಾಧಾನ ಹೇಳೋಕೆ ನಾನು ಬಂದಿಲ್ಲ. ಸ್ವಲ್ಪ ನಾಚಿಕೆಪಡಬೇಕು ಅನ್ನೋಕೇ ಬಂದಿರೋದು. ನಾನಂತೂ ಪಟ್ಟಿದ್ದೇನೆ.

ಒಂದು ಬುಧವಾರ ರಾತ್ರಿ, 11:40. ಎರಡನೇ ಮಹಡಿಯ ನಮ್ಮ ಬಾಡಿಗೆ ಮನೆಯಲ್ಲಿ ನಾನು ಮತ್ತು ರೂಮ್‌ಮೇಟ್ ಇಬ್ಬರೇ. ವಾಶ್‌ಬೇಸಿನ್ ಕೆಳಗಿಂದ ಪಟ್ ಅಂತ ಸದ್ದು. ಹೋಗಿ ನೋಡಿದರೆ ನಲ್ಲಿಗೆ ನೀರು ಕೊಡೋ ಕನೆಕ್ಷನ್ ಪೈಪು, ಅದೇ ಸ್ಟೀಲ್ ಹೆಣೆದ ಹೋಸು, ಬುಡದಲ್ಲಿ ಕಿತ್ತುಬಂದು ಹಾವಿನ ಥರ ಒದ್ದಾಡ್ತಿದೆ. ನೀರು ಎದುರು ಗೋಡೆಗೆ ಹೊಡೀತಿದೆ.

ಆಮೇಲಿನ 40 ನಿಮಿಷ ಇಬ್ಬರು ಇಂಜಿನಿಯರುಗಳು ಏನೇನು ಮಾಡಿದರು ಅಂತ ಲೆಕ್ಕ ಕೊಡ್ತೀನಿ, ಕೇಳಿ. ಮೊದಲು ಟವೆಲ್ ತುರುಕಿದೆವು. ಬಕೆಟ್ ಇಟ್ಟೆವು. ಆ್ಯಪ್ ತೆಗೆದೆವು, ಮೊದಲ ಸ್ಲಾಟ್ ಬೆಳಗ್ಗೆ ಒಂಬತ್ತರ ಮೇಲೆ. ಓನರ್‌ಗೆ ಫೋನ್ ಮಾಡಿದೆವು, ಎತ್ತಲಿಲ್ಲ. ಪೈಪ್ ಒಡೆದರೆ ಏನು ಮಾಡಬೇಕು ಅಂತ ವಿಡಿಯೋ ಹುಡುಕಿದೆವು. ವಿಡಿಯೋಗೆ ಮುಂಚೆ ಜಾಹೀರಾತು ಬಂತು, ಅದನ್ನ ನಿಂತು ನೋಡಿದೆವು ಕೂಡ. ಬೇಸಿನ್ ಕೆಳಗಿದ್ದ ಆ್ಯಂಗಲ್ ಕಾಕ್ ತಿರುಗಿಸೋಕೆ ಹೋದರೆ ಉಪ್ಪು ಕಟ್ಟಿ ಕಲ್ಲಾಗಿತ್ತು. ಇನ್ನೂ ಜೋರಾಗಿ ತಿರುಗಿಸಿದೆ, ಅದರ ಹಿಡಿಯೇ ಮುರಿದು ಕೈಗೆ ಬಂತು. ಅಷ್ಟು ಹೊತ್ತಿಗೆ ನೀರು ಹಾಲ್ ದಾಟಿ, ಬಾಗಿಲಿನ ಕೆಳಗಿಂದ ಮೆಟ್ಟಿಲಿಗೆ ಇಳಿದಿತ್ತು. ಆಫೀಸಲ್ಲಿ ಸರ್ವರ್ ಬಿದ್ದರೆ ಯಾರಿಗೆ ಮೊದಲು ಫೋನ್, ಯಾವ ಸ್ವಿಚ್ ಮೊದಲು ಅಂತ ನಮ್ಮಿಬ್ಬರ ಹತ್ತಿರವೂ ಪುಟಗಟ್ಟಲೆ ಡಾಕ್ಯುಮೆಂಟ್ ಇದೆ. ಅದನ್ನ ಬರೆದವನೇ ನಾನು. ಮನೆಗೆ ಮಾತ್ರ ಒಂದು ಸಾಲೂ ಇಲ್ಲ.

ಬಾಗಿಲು ಬಡಿದದ್ದು ವಾಚ್‌ಮನ್ ಹೆಂಡತಿ. ಕೊಪ್ಪಳದ ಕಡೆಯವರು. ಗಂಡನಿಗೆ ಬೇರೆ ಬಿಲ್ಡಿಂಗ್‌ನಲ್ಲೂ ರಾತ್ರಿ ಡ್ಯೂಟಿ ಇತ್ತು. "ಸರ, ನಮ್ಮ ಖೋಲ್ಯಾಗ ನೀರ ಬರಾಕತ್ತಾವ್ರಿ. ಎಲ್ಲಿ ಒಡದೈತಿ?" ಅಂತ ಒಳಗೆ ಬಂದು ನೋಡಿದರು. "ಕರೆಂಟ್ ತೆಗದೀರೇನ್ರಿ?" ಅಂದರು. ತೆಗೆದಿರಲಿಲ್ಲ. ನೆಲದ ಮೇಲೆ ಎಕ್ಸ್‌ಟೆನ್ಶನ್ ಬೋರ್ಡ್, ಅದರಲ್ಲಿ ಎರಡು ಲ್ಯಾಪ್‌ಟಾಪ್ ಚಾರ್ಜರ್, ನೀರು ಅಲ್ಲಿಂದ ಒಂದು ಅಡಿ ದೂರದಲ್ಲಿತ್ತು. ನಾವು ಬರಿಗಾಲಲ್ಲಿ ಆ ನೀರಲ್ಲೇ ಓಡಾಡ್ತಿದ್ದೆವು. ಇದನ್ನ ಬರೆಯುವಾಗಲೂ ಮೈ ಜುಮ್ಮೆನ್ನುತ್ತೆ. ರೂಮ್‌ಮೇಟ್ ಓಡಿಹೋಗಿ ಮೇನ್ ಎಂಸಿಬಿ ಇಳಿಸಿದ. "ಮ್ಯಾಲ ಬಂದ್ ಮಾಡೀರಿಲ್ಲ?" ಅಂತ ಆಕೆ ಕೇಳಿದಾಗ, ಮೇಲೆ ಅಂದರೆ ಎಲ್ಲಿ ಅಂತ ನಾನು ತಿರುಗಿ ಕೇಳಿದೆ. ಆಕೆ ಉತ್ತರ ಕೊಡಲಿಲ್ಲ, ಮೆಟ್ಟಿಲು ಹತ್ತಿದರು. ಟೆರೇಸ್‌ನಲ್ಲಿ ಟ್ಯಾಂಕ್ ಪಕ್ಕ ಸಾಲಾಗಿ ಆರು ವಾಲ್ವ್. ಒಂದಕ್ಕೂ ಹೆಸರಿಲ್ಲ, ನಂಬರಿಲ್ಲ. "ಎಡಗಡಿಂದ ಎರಡನೇದು ನಿಮ್ದು" ಅಂತ ತಿರುಗಿಸಿದರು. ನೀರು ನಿಂತಿತು. ಅವರು ಬಂದು ನಿಲ್ಲಿಸೋದಕ್ಕೆ ಎರಡು ಮೂರು ನಿಮಿಷ ಹಿಡಿದಿರಬಹುದು, ಅಷ್ಟೆ.

ಮರುದಿನ ಬೆಳಗ್ಗೆ ಏಳಕ್ಕೇ ಪ್ಲಂಬರ್ ಬಂದರು. ಅವರನ್ನ ಕರೆದದ್ದೂ ಆಕೆಯೇ. ಅವರು ಪೈಪು ಬಿಚ್ಚಿದಾಗ ಕುತೂಹಲಕ್ಕೆ ಬಕೆಟ್ ಹಿಡಿದು ನೋಡಿದೆ. 15 ಲೀಟರ್ ಬಕೆಟ್ ಹೆಚ್ಚುಕಡಿಮೆ ಒಂದು ನಿಮಿಷಕ್ಕೆ ತುಂಬಿತು. ಅಂದರೆ ಆ ರಾತ್ರಿ ನಾವು ಚೆಲ್ಲಿದ್ದು ಸುಮಾರು 600 ಲೀಟರ್. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರಿ ಲೆಕ್ಕ. ನಾಲ್ಕು ಜನರ ಒಂದು ದಿನದ ನೀರು ಮೆಟ್ಟಿಲಿಳಿದು ಹೋಯಿತು. ಇದು ಎಂಥ ನೀರು ಅಂತ ನೆನಪಿದೆ ತಾನೆ? ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ, ಹೆಚ್ಚುಕಡಿಮೆ 500 ಮೀಟರ್ ಮೇಲಕ್ಕೆತ್ತಿ ತರೋ ಕಾವೇರಿ ನೀರು. 2024ರ ಬೇಸಿಗೆಯಲ್ಲಿ ಇದೇ ಊರಲ್ಲಿ ಟ್ಯಾಂಕರ್‌ಗೆ ಕಾದು ನಿಂತಿದ್ದೆವು. ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದಾಗ ನಾವೆಲ್ಲ ಆ ಸುದ್ದಿ ಹಂಚಿಕೊಂಡು, ಇನ್ನೂ ಜಾಸ್ತಿ ಹಾಕಬೇಕು ಅಂತ ಬರೆದಿದ್ದೆವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಐದನೇ ಹಂತದ ಕಾವೇರಿ ಯೋಜನೆ ಶುರುವಾದಾಗ, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಅಂತ ಓದಿ ನಿಟ್ಟುಸಿರು ಬಿಟ್ಟಿದ್ದೆವು. ಹೊಳೆಯನ್ನೇ ತಿರುಗಿಸಿ ತಂದು ಕೊಟ್ಟರು. ಮನೆಯೊಳಗೆ ಅದನ್ನ ನಿಲ್ಲಿಸೋದು ಹೇಗೆ ಅಂತ ಕಲಿಯೋಕೆ ನಮಗೆ ಪುರುಸೊತ್ತಿರಲಿಲ್ಲ.

ಆದರೆ ನನ್ನ ಸಿಟ್ಟಿಗೆ ಕಾರಣ ಬರೀ 600 ಲೀಟರ್ ಅಲ್ಲ. ಆ ನೀರು ಹೋಗಿ ನಿಂತದ್ದು ಎಲ್ಲಿ ಅನ್ನೋದು. ಮೆಟ್ಟಿಲಿನ ಕೆಳಗೆ, ಸಂಪ್ ಪಕ್ಕ, ಹತ್ತಡಿಗೆ ಎಂಟಡಿಯ ಖೋಲಿ. ನೆಲದ ಮೇಲೆ ಹಾಸಿಗೆ, ಮೂಲೆಯಲ್ಲಿ ಅಕ್ಕಿ ಚೀಲ, ಇನ್ನೊಂದು ಮೂಲೆಯಲ್ಲಿ ಏಳನೇ ಕ್ಲಾಸಿನ ಹುಡುಗಿಯ ಸ್ಕೂಲ್ ಬ್ಯಾಗು. ಬೆಳಗ್ಗೆ ನೋಡಿದಾಗ ಕಾಂಪೌಂಡ್ ಗೋಡೆ ಮೇಲೆ ಅವಳ ನೋಟ್‌ಬುಕ್‌ಗಳನ್ನ ಬಿಡಿಸಿ ಒಣಹಾಕಿದ್ದರು. ಶಾಯಿ ಇಡೀ ಪುಟಕ್ಕೆ ಹರಡಿತ್ತು. ಪರೀಕ್ಷೆಗೆ ಎರಡು ವಾರ ಇತ್ತು. ಹೊಸ ನೋಟ್‌ಬುಕ್ ತಂದುಕೊಟ್ಟೆ. ಬರೆದದ್ದನ್ನ ಯಾವ ಅಂಗಡಿಯಲ್ಲಿ ತರಲಿ? ನಮ್ಮ ಮನೆಯಲ್ಲಿ ಹಾಳಾದದ್ದು ಒಂದು ಕಾಲೊರಸು.

ಅದಕ್ಕೇ ಹೇಳ್ತಿರೋದು. ಪ್ಲಂಬಿಂಗ್ ಅನ್ನೋದು ನಿಮ್ಮ ನಾಲ್ಕು ಗೋಡೆಯೊಳಗಿನ ಖಾಸಗಿ ವಿಷಯ ಅಲ್ಲ. ನೀರು ಯಾವಾಗಲೂ ಕೆಳಗಿನವರ ಮನೆಗೇ ಹೋಗುತ್ತೆ.

ಇದನ್ನ ಗೆಳೆಯರ ಹತ್ತಿರ ಹೇಳಿದಾಗ ಬಂದ ಉತ್ತರಗಳು ನನಗೆ ಬಾಯಿಪಾಠ ಆಗಿವೆ. ಒಂದೊಂದಾಗಿ ನೋಡೋಣ.

"ಬಾಡಿಗೆ ಮನೆ ಕಣೋ, ನಮಗ್ಯಾಕೆ?" ಬಾಡಿಗೆ ಮನೆ, ನಿಜ. ಹೋಸು ಓನರ್‌ದು, ವಾಲ್ವ್ ಓನರ್‌ದು. ಆದರೆ ರಾತ್ರಿ 11:40ಕ್ಕೆ ಅದರ ಮುಂದೆ ನಿಂತಿರೋನು ಓನರ್ ಅಲ್ಲ, ನೀನು. ಬಾಡಿಗೆ ಕಾರು ಓಡಿಸುವಾಗ ಬ್ರೇಕ್ ಎಲ್ಲಿದೆ ಅಂತ ತಿಳ್ಕೊಳಲ್ವಾ?

"ಅದಕ್ಕೇ ತಾನೆ ಆ್ಯಪ್ ಇರೋದು?" ಆ್ಯಪ್ ಇರೋದು ರಿಪೇರಿಗೆ. ನೀರು ನಿಲ್ಲಿಸೋದಕ್ಕಲ್ಲ. ಈ ಎರಡನ್ನ ನಾವು ಒಂದೇ ಅಂದುಕೊಂಡಿದ್ದೇವೆ, ಎಡವಟ್ಟು ಇರೋದೇ ಅಲ್ಲಿ. ನೀರು ನಿಂತ ಮೇಲೆ ಅದು ಎಮರ್ಜೆನ್ಸಿಯೇ ಅಲ್ಲ, ಬರೀ ಒಂದು ಕೆಲಸ. ಬೆಳಗ್ಗೆ ಮಾಡಿಸಬಹುದು, ಭಾನುವಾರ ಮಾಡಿಸಬಹುದು. ವಾಲ್ವ್ ಎಲ್ಲಿದೆ ಅಂತ ಗೊತ್ತಿದ್ದಿದ್ದರೆ ಆ ಬುಧವಾರದ ನನ್ನ ಎಮರ್ಜೆನ್ಸಿ ಮೂರು ನಿಮಿಷದ್ದು. ಮಿಕ್ಕ 37 ನಿಮಿಷ ನನ್ನ ಅಜ್ಞಾನದ್ದು.

"ಎಲ್ಲಾ ನಾವೇ ಮಾಡ್ಕೊಂಡ್ರೆ ಪ್ಲಂಬರ್ ಹೊಟ್ಟೆ ಮೇಲೆ ಹೊಡೆದಂಗಲ್ವಾ?" ಇದು ನನಗೆ ಅತಿ ಇಷ್ಟವಾದ ಉತ್ತರ. ಯಾಕಂದರೆ ಇದನ್ನ ಹೇಳಿದ ಗೆಳೆಯನೇ ಹೋದ ತಿಂಗಳು ಪ್ಲಂಬರ್ ಹತ್ತಿರ 50 ರೂಪಾಯಿಗೆ ಹದಿನೈದು ನಿಮಿಷ ಚೌಕಾಸಿ ಮಾಡಿದ್ದ. ನಾನೇನು ಸಾಚಾ ಅಲ್ಲ ಬಿಡಿ. ಅವತ್ತು ಹೋಸು, ಆ್ಯಂಗಲ್ ಕಾಕ್ ಬದಲಾಯಿಸಿ, ಸಾಮಾನಿನ ದುಡ್ಡು ಬಿಟ್ಟು ಕೂಲಿ 400 ಅಂದಾಗ, "ಹದಿನೈದು ನಿಮಿಷಕ್ಕೆ 400 ಆ?" ಅಂತ ನನ್ನ ಬಾಯಿಂದಲೂ ಬಂತು. ಅವರು ವಾದ ಮಾಡಲಿಲ್ಲ. ಹಳೇ ಹೋಸನ್ನ ನನ್ನ ಕೈಗಿಟ್ಟು, "ಇದನ್ನ ಇಟ್ಕೊಳಿ ಸರ್, ಓನರ್‌ಗೆ ತೋರಿಸಿ, ಅವರು ಕೊಡ್ತಾರೆ" ಅಂದರು. ಅದರ ಬುಡದಲ್ಲಿ ತುಕ್ಕು ಹಿಡಿದು ಹೆಣಿಗೆ ಕೂದಲಿನಂತೆ ಎದ್ದಿತ್ತು. ತಿಂಗಳುಗಟ್ಟಲೆ ಹಾಗೇ ಇದ್ದಿರಬೇಕು. ದಿನಾ ಅದರ ಮೇಲೆ ನಿಂತು ಹಲ್ಲುಜ್ಜಿದ್ದೆ, ಒಂದು ಸಲವೂ ಬಗ್ಗಿ ನೋಡಿರಲಿಲ್ಲ.

ರಾತ್ರಿ ಆಫೀಸಿನ ಫೋನ್ ಬಂದರೆ ಎತ್ತಬೇಕು ಅನ್ನೋದಕ್ಕೆ ನಮಗೆ ಆನ್-ಕಾಲ್ ಭತ್ಯೆ ಬೇಕು. ಫೋನ್ ಬರದಿದ್ದರೂ ಬೇಕು. ಪ್ಲಂಬರ್ ಮಾತ್ರ ಬೆಳಗ್ಗೆ ಏಳಕ್ಕೆ ಟ್ರಾಫಿಕ್ ದಾಟಿ ಬಂದು, ಕೊಳೆನೀರಿಗೆ ಕೈಹಾಕಿ, ನಿಮಿಷದ ಲೆಕ್ಕದಲ್ಲಿ ದುಡ್ಡು ತಗೋಬೇಕು. ಇದು ಯಾವ ಊರಿನ ನ್ಯಾಯ ಸ್ವಾಮಿ?

ಈಗ ಓನರುಗಳ ಕಡೆಗೆ ಬರ್ತೀನಿ. ನಮ್ಮ ತಪ್ಪು ಒಪ್ಪಿಕೊಂಡ ಮಾತ್ರಕ್ಕೆ ಅವರನ್ನ ಸುಮ್ಮನೆ ಬಿಡೋ ಹಾಗಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಂಡರು. ಅಗ್ರಿಮೆಂಟ್‌ನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಅಂತಿದೆ, ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡೀತೀವಿ ಅಂತಿದೆ, ರಾತ್ರಿ ಎಷ್ಟು ಗಂಟೆಗೆ ಗೇಟ್ ಹಾಕ್ತಾರೆ ಅಂತಲೂ ಇದೆ. ಮನೆಯ ನೀರಿನ ವಾಲ್ವ್ ಎಲ್ಲಿದೆ ಅಂತ ಒಂದು ಸಾಲಿಲ್ಲ. ಕೀಲಿ ಕೊಡುವಾಗ ಮಾಡ್ಯುಲರ್ ಕಿಚನ್ ತೋರಿಸಿದರು, ಬಾಲ್ಕನಿಯಿಂದ ಕಾಣೋ ಮರ ತೋರಿಸಿದರು. ಟೆರೇಸ್ ಮೇಲೆ ಕರ್ಕೊಂಡುಹೋಗಿ "ಇದು ನಿಮ್ದು" ಅಂತ ಒಂದು ನಿಮಿಷ ತೋರಿಸೋಕಾಗಲಿಲ್ಲ. ಕೆಲವು ಬಿಲ್ಡರುಗಳು ಇನ್ನೂ ಒಂದು ಹೆಜ್ಜೆ ಮುಂದೆ. ನೋಡೋಕೆ ಚೆಂದ ಕಾಣಲ್ಲ ಅಂತ ವಾಲ್ವನ್ನ ಟೈಲ್ಸ್ ಹಿಂದೆ, ಫಾಲ್ಸ್ ಸೀಲಿಂಗ್ ಮೇಲೆ ಮುಚ್ಚಿಬಿಡ್ತಾರೆ. ಬೆಂಕಿ ಆರಿಸೋ ಸಿಲಿಂಡರನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ ಹಾಗೆ.

ಹಾಸನ ಜಿಲ್ಲೆಯ ನಮ್ಮೂರಲ್ಲಿ ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ತರೋಕೆ ಓಡ್ತಿದ್ದೆವು. ಇಡೀ ಬೀದಿಗೆ ಒಂದೇ ಇತ್ತು. ಅದು ಯಾರ ಮನೆಯ ಯಾವ ಮೊಳೆಗೆ ನೇತುಹಾಕಿದೆ ಅಂತ ಮಕ್ಕಳಿಗೂ ಗೊತ್ತಿತ್ತು. ನಲ್ಲಿ ಸೋರಿದರೆ ಅಪ್ಪ ಹಳೇ ಹವಾಯಿ ಚಪ್ಪಲಿ ಕತ್ತರಿಸಿ ವಾಷರ್ ಮಾಡ್ತಿದ್ದರು. ಆ ಕಾಲವೇ ಚೆಂದ ಅಂತ ಹೇಳೋಕೆ ಇದನ್ನ ಎತ್ತಲಿಲ್ಲ. ದಿನಕ್ಕೆ ಇಪ್ಪತ್ತು ಕೊಡ ಸೇದಿದ ಅಮ್ಮನನ್ನ ಕೇಳಿದರೆ ಆ ಕಾಲಕ್ಕೊಂದು ಕಸಪೊರಕೆ ತೋರಿಸ್ತಾರೆ. ಹೇಳ್ತಿರೋದು ಇಷ್ಟೇ: ಸೌಕರ್ಯ ಬಂದಾಗ ಅದರ ಜೊತೆಗೆ ಬರಬೇಕಾದ ತಿಳಿವಳಿಕೆಯನ್ನ ನಾವು ಬಾಗಿಲಲ್ಲೇ ನಿಲ್ಲಿಸಿಬಿಟ್ಟೆವು. ಅದನ್ನ ತಿಳ್ಕೊಳೋದು ಬೇರೆಯವರ ಕೆಲಸ ಅಂದುಕೊಂಡೆವು. ಬೇರೆಯವರು ಅಂದರೆ ಯಾರು ಅಂತ ಬಾಯಿಬಿಟ್ಟು ಹೇಳಲ್ಲ, ಆದರೆ ಮೆಟ್ಟಿಲ ಕೆಳಗೆ ಯಾರಿರ್ತಾರೆ ಅಂತ ನಮಗೆಲ್ಲ ಗೊತ್ತು.

ಸಿಂಕ್ ಕಟ್ಟಿಕೊಂಡರೆ ಏನು ಮಾಡ್ತೀವಿ ನೋಡಿ. ಕೆಳಗಿನ ಬಾಟಲ್ ಟ್ರ್ಯಾಪ್ ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಒಳಗಿರೋದು ನಮ್ಮದೇ ಕೂದಲು, ನಮ್ಮದೇ ಅನ್ನದ ಅಗುಳು, ನಮ್ಮದೇ ಜಿಡ್ಡು. ಅದಕ್ಕೂ ನಮಗೆ ಹೇಸಿಗೆ. ಕೆಲಸದವರನ್ನ ಕರೀತೀವಿ. ಇಲ್ಲಾಂದರೆ ಅಂಗಡಿಯಿಂದ ಆ್ಯಸಿಡ್ ತಂದು ಸುರೀತೀವಿ, ಸಾಲದು ಅಂತ ಮೇಲೆ ಬ್ಲೀಚ್ ಹಾಕ್ತೀವಿ. ಇವೆರಡು ಸೇರಿದರೆ ಕ್ಲೋರಿನ್ ಅನಿಲ ಬರುತ್ತೆ, ಮುಚ್ಚಿದ ಬಾತ್‌ರೂಮಲ್ಲಿ ಜೀವಕ್ಕೇ ಅಪಾಯ. ಇಂಜಿನಿಯರಿಂಗ್‌ಗೆ ಅಂತ ಕೆಮಿಸ್ಟ್ರಿ ಓದಿದವರು ನಾವು!

ಇನ್ನೊಂದು ಗಂಭೀರ ಮಾತು. ಬಿಲ್ಡಿಂಗಿನ ಚೇಂಬರ್ ಉಕ್ಕಿದಾಗ, ಪಿಟ್ ತುಂಬಿದಾಗ, ವಾಟ್ಸಾಪ್ ಗ್ರೂಪಿನಲ್ಲಿ "ಯಾರನ್ನಾದ್ರೂ ಕರ್ಸಿ ಇಳಿಸಿ" ಅಂತ ಒಬ್ಬರಾದರೂ ಬರೀತಾರೆ. ಸುರಕ್ಷಾ ಸಾಧನ ಇಲ್ಲದೆ ಮನುಷ್ಯರನ್ನ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸೋದು 2013ರ ಕಾಯ್ದೆಯಡಿ ಅಪರಾಧ. ನಿಮ್ಮ ಆತುರ ಇನ್ನೊಬ್ಬರ ಪ್ರಾಣಕ್ಕಿಂತ ದೊಡ್ಡದಲ್ಲ. ರಸ್ತೆಯ ಚರಂಡಿ ಕಟ್ಟಿಕೊಂಡಿದ್ದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಜೆಟ್ಟಿಂಗ್ ಮಷೀನ್ ಬರಲಿ. ಅಲ್ಲೀವರೆಗೆ ಎಲ್ಲರೂ ನೀರು ಬಿಡೋದು ನಿಲ್ಲಿಸಿ. ಅಸಹ್ಯ ಆಗುತ್ತೆ, ಆಗಲಿ.

ಬರೀ ಬೈದು ಹೋಗೋದು ಸರಿಯಲ್ಲ. ಹಾಗಾಗಿ ಈ ಶನಿವಾರದ ಒಂದು ಗಂಟೆ ಕೇಳ್ತಿದ್ದೀನಿ, ಜಾಸ್ತಿ ಬೇಡ.

ಮೊದಲು ಟೆರೇಸಿಗೆ ಹೋಗಿ, ನಿಮ್ಮ ವಾಲ್ವ್ ಹುಡುಕಿ. ಚಕ್ರದ ಥರ ಇದ್ದರೆ ಅದು ಗೇಟ್ ವಾಲ್ವ್: ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಹೋದರೆ ಬಂದ್. ಉದ್ದ ಹಿಡಿ ಇದ್ದರೆ ಬಾಲ್ ವಾಲ್ವ್: ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಮುಚ್ಚಿ, ಕೆಳಗೆ ಬಂದು ನಲ್ಲಿ ತಿರುಗಿಸಿ ನೋಡಿ. ಪಕ್ಕದ ಮನೆಯವರು ಕೂಗಿಕೊಂಡರೆ ಅದು ಅವರದ್ದು. ಸಿಕ್ಕ ಮೇಲೆ ಪೇಂಟಿನಲ್ಲಿ ಮನೆ ನಂಬರ್ ಬರೀರಿ. ಟೆರೇಸಿಗೆ ಬೀಗ ಇದ್ದರೆ ರಾತ್ರಿ ಕೀಲಿ ಯಾರ ಹತ್ತಿರ ಇರುತ್ತೆ ಅಂತ ಕೇಳಿಟ್ಟುಕೊಳ್ಳಿ. ಮನೆಯೊಳಗೆ ಬೇಸಿನ್, ಫ್ಲಶ್ ಟ್ಯಾಂಕ್, ಗೀಸರ್ ಪಕ್ಕದ ಆ್ಯಂಗಲ್ ಕಾಕ್‌ಗಳನ್ನ ಒಮ್ಮೆ ಮುಚ್ಚಿ ತೆರೆಯಿರಿ. ನಮ್ಮ ಬೋರ್‌ವೆಲ್ ನೀರಿನ ಉಪ್ಪಿಗೆ ವರ್ಷಗಟ್ಟಲೆ ಮುಟ್ಟದ್ದು ಹಿಡಿದುಕೊಳ್ಳುತ್ತೆ. ಬಿಗಿಯಾಗಿದ್ದರೆ ನನ್ನ ಹಾಗೆ ಬಲ ಪ್ರಯೋಗ ಬೇಡ; ಬದಲಾಯಿಸಿ. ಹೋಸುಗಳ ಬುಡದಲ್ಲಿ ತುಕ್ಕು, ಉಬ್ಬು, ತೇವ ಕಂಡರೆ ಅದನ್ನೂ ಬದಲಾಯಿಸಿ. ಒಂದು ಅಡ್ಜಸ್ಟಬಲ್ ಸ್ಪ್ಯಾನರ್, ಒಂದು ಟೆಫ್ಲಾನ್ ಟೇಪ್, ಒಂದು ಎಂ-ಸೀಲ್, ಒಂದು ಟಾರ್ಚ್. ಇವು ಮನೆಯಲ್ಲಿರಲಿ.

ಪೈಪ್ ಒಡೆದರೆ ಕ್ರಮ ಹೀಗಿರಲಿ: ನೀರು ಹರಡ್ತಿದ್ದರೆ ಮೊದಲು ಕರೆಂಟ್, ಒಣಗಿದ ಜಾಗದಲ್ಲಿ ನಿಂತು. ಮೇನ್ ಸ್ವಿಚ್ಚೇ ನೀರಲ್ಲಿದ್ದರೆ ಮುಟ್ಟಬೇಡಿ, ಹೊರಗೆ ಬನ್ನಿ. ಆಮೇಲೆ ಹತ್ತಿರದ ಆ್ಯಂಗಲ್ ಕಾಕ್, ಅದು ಕೇಳದಿದ್ದರೆ ಟೆರೇಸ್ ವಾಲ್ವ್. ಮೋಟಾರ್ ಓಡ್ತಿದ್ದರೆ ಅದೂ ಬಂದ್. ಆಮೇಲೆ ಕೆಳಗಿನ ಮನೆಯವರ ಬಾಗಿಲು ಬಡಿಯಿರಿ, ಅವರು ಬಂದು ನಿಮ್ಮ ಬಾಗಿಲು ಬಡಿಯೋ ಮುಂಚೆ. ಪ್ಲಂಬರ್‌ಗೆ ಫೋನ್ ಕೊನೆಯಲ್ಲಿ. ನೀರು ವಾಪಸ್ ಬರೋವರೆಗೆ ಗೀಸರ್ ಸ್ವಿಚ್ ಮುಟ್ಟಬೇಡಿ. ಪೈಪನ್ನ ಸಾಲ್ವೆಂಟ್ ಹಾಕಿ ಅಂಟಿಸಿದ್ದರೆ, ಅವರು ಇಷ್ಟು ಹೊತ್ತು ನೀರು ಬಿಡಬೇಡಿ ಅಂದರೆ ಬಿಡಬೇಡಿ. ಬೇಗ ಬಿಟ್ಟು, ಸೋರಿದಾಗ ಅವರನ್ನ ಬೈಬೇಡಿ.

ಸಣ್ಣ ಸೋರಿಕೆಯನ್ನೂ ನಾಳೆಗೆ ಬಿಡಬೇಡಿ. ಸೆಕೆಂಡಿಗೊಂದು ಹನಿ ಅಂದರೆ ದಿನಕ್ಕೆ 86,400 ಹನಿ.

ನಮ್ಮ ಟೆರೇಸಿನ ಆರು ವಾಲ್ವುಗಳಿಗೂ ಈಗ ಕೆಂಪು ಪೇಂಟಿನಲ್ಲಿ ನಂಬರ್ ಇದೆ. ಓನರ್ ಬಂದು ನೋಡಿ, ಪೇಂಟ್ ಹಾಕೋಕೆ ಮುಂಚೆ ಕೇಳಬೇಕಿತ್ತು ಅಂದರು. ಹೋಸಿನ ದುಡ್ಡು ಮಾತ್ರ ಇನ್ನೂ ಕೊಟ್ಟಿಲ್ಲ, ತುಕ್ಕು ಹಿಡಿದ ಆ ಹೋಸು ನನ್ನ ಮೇಜಿನ ಮೇಲೇ ಇದೆ. ನಂಬರ್ ಬರೆಯುವಾಗ ಯಾವುದು ಯಾರದ್ದು ಅಂತ ಹೇಳಿಕೊಟ್ಟದ್ದು ವಾಚ್‌ಮನ್ ಹೆಂಡತಿಯೇ. ದಿನಾ ಮೋಟಾರ್ ಹಾಕಿ, ತಿಂಗಳಿಗೊಮ್ಮೆ ಟ್ಯಾಂಕ್ ತೊಳೆದು, ಈ ಬಿಲ್ಡಿಂಗಿನ ನೀರಿನ ನಕ್ಷೆ ಪೂರ್ತಿ ತಲೆಯಲ್ಲಿಟ್ಟುಕೊಂಡಿರೋದು ಅವರೊಬ್ಬರೇ. ಅದಕ್ಕೆ ಅವರಿಗೆ ಯಾರೂ ಸಂಬಳ ಕೊಡಲ್ಲ, ಸಂಬಳ ಗಂಡನಿಗೆ ಮಾತ್ರ. ಈ ತಿಂಗಳ ಅಸೋಸಿಯೇಶನ್ ಮೀಟಿಂಗಿನಲ್ಲಿ ಆ ವಿಷಯ ಎತ್ತಬೇಕು ಅಂತಿದ್ದೀನಿ. ಜಗಳ ಆಗುತ್ತೆ ಅಂತ ಗೊತ್ತು.

ಎರಡು ವರ್ಷ ಆ ಮನೆಯಲ್ಲಿದ್ದು ಅವರ ಹೆಸರು ಕೇಳಿದ್ದು ಆ ಗುರುವಾರವೇ. ಇಲ್ಲಿ ಬರೀಲಾ ಅಂದೆ. "ಬ್ಯಾಡ್ರಿ ಸರ" ಅಂದರು. ಸರಿ, ಬರೆದಿಲ್ಲ. ನೀವು ನಿಮ್ಮ ಬಿಲ್ಡಿಂಗಿನವರದ್ದು ಕೇಳಿ. ವಾಲ್ವ್ ಎಲ್ಲಿದೆ ಅಂತಲೂ ಅವರನ್ನೇ ಕೇಳಿ. ಗೊತ್ತಿರೋದು ಅವರಿಗೇ.